ಉಪ್ಪಿನ ಡಬ್ಬಿಯಿಂದ ಶುರು ಮಾಡು

ದಾವಣಗೆರೆ

ಚಿ. ಮಂಜುನಾಥನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಬಿ.ಪಿ. 152/98 ಬಂತು, ಶುಗರ್ ಸರಿಯಾಗಿದೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಮೂವತ್ತಾರರ ವಯಸ್ಸಿಗೆ ಇದು ಹಗುರವಾಗಿ ತಗೊಳ್ಳುವ ಅಂಕಿ ಅಲ್ಲಪ್ಪ. ನಿಮ್ಮಪ್ಪನಿಗೆ ಲಕ್ವ ಹೊಡೆದಿರುವಾಗ ಇನ್ನೂ ಅಲ್ಲ. ಬೆಣ್ಣೆದೋಸೆ ಬಿಟ್ಟಿದ್ದೀಯಂತೆ, ತುಪ್ಪ ಮುಟ್ಟುತ್ತಿಲ್ಲವಂತೆ. ಒಳ್ಳೆಯದೇ. ಆದರೆ ನೀನು ಮೊದಲು ಕೈಯಿಡಬೇಕಾದದ್ದು ಉಪ್ಪಿನ ಡಬ್ಬಿಗೆ.

ಯಾಕೆ ಅಂತ ತಿಳಿದುಕೊಂಡರೆ ಪಥ್ಯ ಸುಲಭವಾಗುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಹೆಚ್ಚಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಾಳಗಳ ಗೋಡೆಯ ಮೇಲೆ ಒತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಮೆದುಳಿನ ಒಳಗಿನ ಸಣ್ಣ ನಾಳಗಳು ದಪ್ಪಗಾಗಿ ಗಡುಸಾಗುತ್ತವೆ. ಕೊನೆಗೆ ಎಲ್ಲೋ ಒಂದು ಮುಚ್ಚಿಕೊಳ್ಳುತ್ತದೆ, ಇಲ್ಲವೇ ಒಡೆದು ರಕ್ತ ಸೋರುತ್ತದೆ. ಎರಡೂ ಲಕ್ವವೇ. ಹೃದಯದ ಕಡೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ನಾಳದ ಗೋಡೆಯೊಳಗೆ ಸೇರಿ ಗಂಟು ಕಟ್ಟುತ್ತದೆ. ಒತ್ತಡದಿಂದ ಘಾಸಿಗೊಂಡ ಗೋಡೆಯಲ್ಲಿ ಅದು ಇನ್ನೂ ಬೇಗ ಕಟ್ಟುತ್ತದೆ. ಹಾಗಾಗಿ ಬಿ.ಪಿ. ಇಳಿಸಿದರೆ ಮೆದುಳಿಗೂ ಹೃದಯಕ್ಕೂ ಒಟ್ಟಿಗೆ ಲಾಭ.

ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಟ್ಟಸವಾದ ಒಂದು ಟೀ ಚಮಚವೂ ಪೂರ್ತಿ ಇಲ್ಲ. ಕೈಯಂದಾಜಿನಲ್ಲಿ ಉಪ್ಪು ಹಾಕುವ ನಮ್ಮ ಮನೆಗಳಲ್ಲಿ ದಿನಾ ಚಮಚ ಹಿಡಿದು ಅಳೆಯುವುದು ನಾಲ್ಕು ದಿನಕ್ಕೆ ನಿಂತುಹೋಗುತ್ತದೆ. ಅದಕ್ಕೆ ಹೀಗೆ ಮಾಡು: ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆ. ನಿಮ್ಮ ಮನೆಯಲ್ಲಿ ನಾಲ್ಕು ಜನ, ದಿನಕ್ಕೆ 20 ಗ್ರಾಂ, ಅಂದರೆ ಒಂದು ಕೆ.ಜಿ. 50 ದಿನ ಬರಬೇಕು. ಹೊರಗಡೆ ತಿನ್ನುವುದರಲ್ಲಿ, ಬೇಕರಿ ತಿಂಡಿಯಲ್ಲಿ, ಉಪ್ಪಿನಕಾಯಿಯಲ್ಲಿ ಒಳಗೆ ಹೋಗುವ ಉಪ್ಪೂ ಈ 5 ಗ್ರಾಂನ ಲೆಕ್ಕಕ್ಕೇ ಸೇರುವುದರಿಂದ, 70 ದಿನ ಬಂದರೆ ಸರಿಯಾದ ದಾರಿಯಲ್ಲಿದ್ದೀರಿ. ಒಂದೇ ತಿಂಗಳಿಗೆ ಖಾಲಿಯಾದರೆ ತಲೆಗೆ 8 ಗ್ರಾಂ ದಾಟಿತು ಅಂತ ಅರ್ಥ. ಮಕ್ಕಳ ಪಾಲು ಕಡಿಮೆ ಇರಬೇಕಾದ್ದರಿಂದ ನಿನ್ನ ಪಾಲು ಇನ್ನೂ ಹೆಚ್ಚೇ.

ಉಪ್ಪು ಎಲ್ಲೆಲ್ಲಿ ಅಡಗಿದೆ ನೋಡು. ಸಂಜೆಯ ಮಂಡಕ್ಕಿ ಹಗುರ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಭಟ್ಟಿಯಲ್ಲಿ ಅಕ್ಕಿಗೆ ಉಪ್ಪುನೀರು ಹಿಡಿಸಿಯೇ ಬಿಸಿ ಮರಳಿನಲ್ಲಿ ಹುರಿಯುವುದು. ಅದಕ್ಕೆ ಒಗ್ಗರಣೆಯಲ್ಲಿ ಮತ್ತೆ ಉಪ್ಪು, ಮೇಲೆ ಸೇವು, ಪಕ್ಕಕ್ಕೆ ಮಿರ್ಚಿ. ಮಿರ್ಚಿ ಹಿಟ್ಟಿಗೆ ಉಪ್ಪಿನ ಜೊತೆ ಅಡುಗೆ ಸೋಡಾ ಬೇರೆ. ಸೋಡಾ ಉಪ್ಪುಪ್ಪಾಗಿ ಹತ್ತುವುದಿಲ್ಲವಾದ್ದರಿಂದ ಯಾರೂ ಅದನ್ನು ಎಣಿಸುವುದಿಲ್ಲ. ಒಂದು ಟೀ ಚಮಚ ಸೋಡಾದಲ್ಲಿ 1,200 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಇದೆ, ದಿನವಿಡೀ ಒಬ್ಬರಿಗೆ ಮಿತಿ 2,000. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಶೇಂಗಾ ಚಟ್ನಿಪುಡಿ, ಎಲ್ಲದರಲ್ಲೂ ಇದೇ ಕಥೆ. ಚಟ್ನಿಪುಡಿ ಬಿಡಬೇಡ, ಶೇಂಗಾ ಒಳ್ಳೆಯದು. ಮನೆಯಲ್ಲಿ ಕುಟ್ಟಿಸುವಾಗ ಉಪ್ಪು ಅರ್ಧಕ್ಕಿಳಿಸಿ ಬೆಳ್ಳುಳ್ಳಿ, ಜೀರಿಗೆ, ಹುಣಸೆ ಹೆಚ್ಚಿಸಿ.

ಒಂದೇ ಸಲಕ್ಕೆ ಉಪ್ಪು ಪೂರ್ತಿ ಕಿತ್ತರೆ ಮನೆಮಂದಿ ಸಾರಿನ ಮೇಲೆ ಮತ್ತೆ ಉದುರಿಸಿಕೊಳ್ಳುತ್ತಾರೆ. ಮೊದಲ ವಾರ ಕಾಲುಭಾಗ ಇಳಿಸಿ. ಮೂರ್ನಾಲ್ಕು ವಾರಕ್ಕೆ ನಾಲಿಗೆ ಒಗ್ಗಿಕೊಳ್ಳುತ್ತದೆ, ಆಮೇಲೆ ಇನ್ನೊಂದು ಕಾಲುಭಾಗ. ಅನ್ನಕ್ಕೆ, ರೊಟ್ಟಿ ಹಿಟ್ಟಿಗೆ, ಮೊಸರನ್ನಕ್ಕೆ ಉಪ್ಪು ಬೇಡವೇ ಬೇಡ. ಪಲ್ಯಕ್ಕೆ ಒಲೆಯಿಂದ ಇಳಿಸುವ ಹೊತ್ತಿಗೆ ಹಾಕಿದರೆ ಕಡಿಮೆ ಉಪ್ಪೇ ನಾಲಿಗೆಗೆ ಚೆನ್ನಾಗಿ ಹತ್ತುತ್ತದೆ. ನಿಂಬೆಹುಳಿ ಹಿಂಡಿದರೆ ಉಪ್ಪಿನ ಕೊರತೆ ಅರ್ಧ ಮರೆತೇಹೋಗುತ್ತದೆ. ಊಟದ ಹೊತ್ತಿಗೆ ಉಪ್ಪಿನ ಬಟ್ಟಲು ಮುಂದೆ ಇರಕೂಡದು.

ಸೈಂಧವ ಲವಣ, ಗುಲಾಬಿ ಉಪ್ಪು ಅಂತ ದುಬಾರಿ ಕೊಟ್ಟು ತರಬೇಡ. ಅವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಮೇಲಾಗಿ ಹೆಚ್ಚಿನವುಗಳಿಗೆ ಅಯೋಡಿನ್ ಸೇರಿಸಿರುವುದಿಲ್ಲ. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪಿನ ಮಾತು ಬೇರೆ. ಚೀನಾದ 600 ಹಳ್ಳಿಗಳಲ್ಲಿ, ಮೊದಲೇ ಲಕ್ವ ಆಗಿದ್ದವರಿಗೆ ಮತ್ತು ಬಿ.ಪಿ. ಇದ್ದ ವಯಸ್ಸಾದವರಿಗೆ ಸುಮಾರು ಐದು ವರ್ಷ ಇದನ್ನು ಕೊಟ್ಟು ನೋಡಿದ ಅಧ್ಯಯನ 2021ರಲ್ಲಿ ಬಂತು: ಲಕ್ವ ಶೇ. 14ರಷ್ಟು ಕಡಿಮೆಯಾಗಿತ್ತು. ಆದರೆ ಕಿಡ್ನಿ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಸ್ಪೈರನೊಲ್ಯಾಕ್ಟೋನ್‌ನಂಥ ಬಿ.ಪಿ. ಮಾತ್ರೆ ನುಂಗುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಡಾಕ್ಟರನ್ನು ಕೇಳದೆ ತರಬೇಡ. ನಿಮ್ಮಪ್ಪ ಅದೇ ಮನೆಯಲ್ಲಿ ಊಟ ಮಾಡುತ್ತಾರೆ ಅನ್ನುವುದು ನೆನಪಿರಲಿ.

ನಿನ್ನ ಕಿಡ್ನಿ ಸರಿಯಿದ್ದರೆ ತರಕಾರಿ, ಕಾಳು, ಹಣ್ಣಿನಿಂದ ಬರುವ ಪೊಟ್ಯಾಸಿಯಂ ಬೇಕು. ಅದು ಸೋಡಿಯಂ ಅನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ 2,000 ಕ್ಯಾಲೊರಿಯ ಊಟದಲ್ಲಿ ತರಕಾರಿ, ಸೊಪ್ಪು 400 ಗ್ರಾಂ, ಹಣ್ಣು 100, ಬೇಳೆಕಾಳು 85, ಅಕ್ಕಿ-ಜೋಳ-ರಾಗಿ ಎಲ್ಲ ಸೇರಿ 250. ನಮ್ಮ ತಟ್ಟೆಯಲ್ಲಿ ಇದು ತಿರುವುಮುರುವು: ಅನ್ನದ ಗುಡ್ಡೆ, ಪಲ್ಯ ಮೂಲೆಯಲ್ಲಿ ಚಮಚದಷ್ಟು. ಒಂದು ಹೊತ್ತಿನ ಅನ್ನದ ಜಾಗಕ್ಕೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಅಥವಾ ಮೆಂತ್ಯ, ಮೊಳಕೆ ಹೆಸರುಕಾಳು, ಹಸಿ ಸೌತೆಕಾಯಿ ಇರಲಿ. ರಾಗಿಮುದ್ದೆಯಲ್ಲಿ ನಾರು ಚೆನ್ನಾಗಿದೆ, ಆದರೆ ತೆಂಗಿನಕಾಯಿ ಗಾತ್ರದ ಮುದ್ದೆ ನುಂಗಿ ಮೇಲೆ ಅನ್ನವನ್ನೂ ಉಂಡರೆ ಹೊಟ್ಟೆ ಬೆಳೆಯುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಏರುತ್ತದೆ. ಗಂಡಸರ ಸೊಂಟ 90 ಸೆಂ.ಮೀ. ದಾಟಬಾರದು, ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿದು ನೋಡು. ಅಂಗಡಿಯಲ್ಲಿ ಕೂತು ಕುಡಿಯುವ ಟೀಗೆ ಸಕ್ಕರೆ ಅರ್ಧ ಚಮಚಕ್ಕಿಂತ ಹೆಚ್ಚು ಬೇಡ.

ಇನ್ನು ಬೆಣ್ಣೆದೋಸೆ. ಒಂದು ಟೇಬಲ್ ಚಮಚ ಬೆಣ್ಣೆಯಲ್ಲಿ 7 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಎಲ್‌ಡಿಎಲ್ ಏರಿಸುವಂಥದ್ದು. ದಿನದ ಮಿತಿ ಸುಮಾರು 22. ಒಂದು ಪ್ಲೇಟಿಗೆ ಎಷ್ಟು ಚಮಚ ಬೀಳುತ್ತದೆ ಅಂತ ಕಾವಲಿ ಮುಂದೆ ನಿಂತು ನೀನೇ ನೋಡಿದ್ದೀಯ. ತಿಂಗಳಿಗೊಮ್ಮೆ ತಿಂದರೆ ತಪ್ಪಿಲ್ಲ. ನನಗೆ ಅದಕ್ಕಿಂತ ಹೆಚ್ಚು ಭಯ ದಿನಾ ಸಂಜೆಯ ಕರಿದ ತಿಂಡಿಯದು. ಅದೇ ಬಾಣಲೆಯ ಎಣ್ಣೆ ಬೆಳಗಿನಿಂದ ಕಾದು ಕಾದು ಕಪ್ಪಾಗಿ, ನೊರೆ ಬಂದು, ಅಂಟಾಗಿರುತ್ತದೆ. ಮನೆಯಲ್ಲಿ ಚಳ್ಳಕೆರೆ ಕಡೆಯ ಶೇಂಗಾ ಎಣ್ಣೆ ತರುತ್ತೀರಲ್ಲ, ಅದು ಸಾಕು. ಬೇಕಾದರೆ ನಡುನಡುವೆ ಸೂರ್ಯಕಾಂತಿ. ಅಳತೆ ಮಾತ್ರ ಮುಖ್ಯ. ನಾಲ್ಕು ಜನಕ್ಕೆ ತಿಂಗಳಿಗೆ 3 ಲೀಟರ್ ಮೀರಬಾರದು, ತುಪ್ಪವೂ ಸೇರಿ. ಡಾಲ್ಡಾ ಬೇಡ. ಸಂಜೆ ಹಸಿವಾದರೆ ಉಪ್ಪು ಹಾಕದೆ ಹುರಿದ ಶೇಂಗಾ ಒಂದು ಹಿಡಿ, 30 ಗ್ರಾಂ, ಜೊತೆಗೊಂದು ಬಾಳೆಹಣ್ಣು.

ಡಾಕ್ಟರು ಬಿ.ಪಿ. ಮಾತ್ರೆ ಕೊಟ್ಟಿದ್ದರೆ, ಊಟ ಸುಧಾರಿಸಿತು ಅಂತ ಅದನ್ನು ನೀನಾಗಿಯೇ ನಿಲ್ಲಿಸಬೇಡ. ಬೆಳ್ಳುಳ್ಳಿ, ಕಷಾಯ ಯಾವುದೂ ಮಾತ್ರೆಗೆ ಬದಲಿಯಲ್ಲ. ಗುಟ್ಕಾ ಇದ್ದರೆ ಇವತ್ತೇ ಉಗಿ.

ಇದೊಂದನ್ನು ಮನೆಯವರೆಲ್ಲರಿಗೂ ಓದಿ ಹೇಳು. ಯಾರಿಗಾದರೂ ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ತಕ್ಷಣ 108. ಶುರುವಾದ ಗಂಟೆ ಗುರುತಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೇ ಗಡುವು, ಅದೂ ಸಿ.ಟಿ. ಸ್ಕ್ಯಾನ್ ಆದಮೇಲೆ. ಸ್ಕ್ಯಾನ್ ಇಲ್ಲದೆ ಹೆಪ್ಪೋ ರಕ್ತಸ್ರಾವವೋ ತಿಳಿಯದು, ಆದ್ದರಿಂದ ಆಸ್ಪಿರಿನ್ ಕೊಡಬೇಡಿ. ನೀರೂ ಕುಡಿಸಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಪಾರಿವಾಳದ ರಕ್ತ, ನಾಟಿ ಔಷಧಿ ಅಂತ ಯಾರು ಹೇಳಿದರೂ ಕೇಳದೆ ಸಿ.ಟಿ. ಇರುವ ಆಸ್ಪತ್ರೆಗೇ ಹೋಗಿ.

ಬಿ.ಪಿ. ಯಂತ್ರ ತೋಳಿಗೆ ಕಟ್ಟುವಂಥದ್ದೇ ಕೊಂಡುಕೋ. ಐದು ನಿಮಿಷ ಸುಮ್ಮನೆ ಕೂತು, ಪಾದ ನೆಲಕ್ಕೂರಿ, ತೋಳು ಎದೆಯ ಮಟ್ಟಕ್ಕಿಟ್ಟು, ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ ನೋಡು. ಟೀ ಕುಡಿದ ಅರ್ಧ ಗಂಟೆಯೊಳಗೆ ಬೇಡ. ಏಳು ದಿನದ ಅಂಕಿಗಳನ್ನು ಬರೆದು ಡಾಕ್ಟರಿಗೂ ತೋರಿಸು, ನನಗೂ ಕಳಿಸು. ಉಪ್ಪಿನ ಪ್ಯಾಕೆಟ್ ಮೇಲೆ ಬರೆದ ತಾರೀಖನ್ನೂ ಜೊತೆಗೆ ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ