ಆಟದ ಕೋಣೆಯ ಹಳೆಯ ಜಾಲ ಬದಲಾಗುತ್ತಿದೆ

ಪ್ರಿಯ ಗ್ರಾಹಕರೇ,

ಭಾನುವಾರದ ವಿಮಾನ ಕಾಳಗಕ್ಕೆ ತಪ್ಪದೆ ಬರುವವರಿಗೆ ವಿಷಯವನ್ನು ನೇರವಾಗಿ ಹೇಳಿಬಿಡುತ್ತೇವೆ: ಮುಂದಿನ ತಿಂಗಳ 1ರಿಂದ ನಮ್ಮ ಕೋಣೆಯ ಕಂಪ್ಯೂಟರ್‌ಗಳನ್ನು ಬೆಸೆಯುವ ಕಪ್ಪು ಕೋಆಕ್ಸಿಯಲ್ ಕೇಬಲ್ ಇರುವುದಿಲ್ಲ. 1995ರ ಯುದ್ಧವಿಮಾನದ ಆಟ ‘ಇಎಫ್2000’ ಮತ್ತು ಅದರ ಓರಗೆಯ ಆಟಗಳು ಹೊಸ ಕಂಪ್ಯೂಟರ್‌ಗಳಲ್ಲಿ, ಹಳೆಯ ಡಾಸ್ ಆಟಗಳನ್ನು ಓಡಿಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶದ ಮೂಲಕ ನಡೆಯುತ್ತವೆ. ಗಂಟೆಯ ದರ ಇದ್ದಷ್ಟೇ ಇರುತ್ತದೆ.

ಕಾರಣ ಆ ಕೇಬಲ್ಲೇ. ಎಲ್ಲ ಕಂಪ್ಯೂಟರ್‌ಗಳೂ ಒಂದೇ ತಂತಿಗೆ ಸಾಲಾಗಿ ಜೋಡಿಕೊಂಡಿರುತ್ತವೆ. ಎರಡೂ ತುದಿಗೆ, ಸಂಕೇತ ಪುಟಿದು ವಾಪಸಾಗದಂತೆ ತಡೆಯುವ 50 ಓಮ್‌ನ ಟರ್ಮಿನೇಟರ್ ಇರಲೇಬೇಕು. ಯಾರದೋ ಕಾಲು ತಾಗಿ ನಡುವೆ ಕಂಪ್ಯೂಟರನ್ನು ತಂತಿಗೆ ಸೇರಿಸುವ ಟಿ-ಕನೆಕ್ಟರ್ ಒಂದು ಸಡಿಲವಾಯಿತೋ, ಹಾರುತ್ತಿದ್ದವರೆಲ್ಲರ ಆಟವೂ ಅಲ್ಲಿಗೆ ಮುಗಿಯಿತು. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಟರ್ಮಿನೇಟರ್ ಕೇಳಿದರೆ ಸಿಸಿಟಿವಿಗೆಂದು ಮಾಡಿದ 75 ಓಮ್‌ನ ಸರಕು ಕೈಗೆ ಬರುತ್ತದೆ. ನೋಡಲು ಅದೇ, ತಿರುಗಿಸಿದರೆ ಕೂರುತ್ತದೆ ಕೂಡ; ಆದರೆ ಸಂಕೇತ ತುದಿಯಿಂದ ಪುಟಿದು ಬಂದು ಜಾಲ ಕೆಡುತ್ತದೆ. ಹಳೆಯ ಕಂಪ್ಯೂಟರ್‌ಗಳನ್ನು ಜಾಲಕ್ಕೆ ಸೇರಿಸುವ ಐಎಸ್‌ಎ ನೆಟ್‌ವರ್ಕ್ ಕಾರ್ಡ್‌ಗಳ ಮಾತಂತೂ ಬೇಡವೇ ಬೇಡ.

ಹೊಸ ವಿಂಡೋಸ್‌ನಲ್ಲೇ ಆಡಿಸಬಾರದೇ ಎಂದು ಕೆಲವರು ಕೇಳಿದ್ದಾರೆ. ಈ ಆಟಗಳು ಪರಸ್ಪರ ಮಾತನಾಡುವುದು ಐಪಿಎಕ್ಸ್‌ನಲ್ಲಿ; ಆಗಿನ ನೋವೆಲ್ ಕಂಪನಿಯ ಜಾಲಗಳ ಪ್ರೋಟೊಕಾಲ್, ಅಂದರೆ ಕಂಪ್ಯೂಟರ್‌ಗಳ ಮಾತುಕತೆಯ ನಿಯಮ ಅದು. ವಿಂಡೋಸ್ ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಡಾಸ್‌ಬಾಕ್ಸ್ ಐಪಿಎಕ್ಸ್ ಪ್ಯಾಕೆಟ್ಟನ್ನು (ಮಾಹಿತಿಯ ತುಣುಕನ್ನು) ಇಂಟರ್ನೆಟ್‌ನಲ್ಲೂ ಸಾಗುವ ಯುಡಿಪಿ ಎಂಬ ಪ್ರೋಟೊಕಾಲ್‌ನೊಳಗೆ ತುಂಬಿ ಕಳಿಸುತ್ತದೆ. ಆಟಕ್ಕೆ ಇದರ ಸುಳಿವೇ ಹತ್ತುವುದಿಲ್ಲ.

ಹಾಗಾಗಿ ಇನ್ನು ಮನೆಯಿಂದಲೂ ಸೇರಿಕೊಳ್ಳಬಹುದು. ನಿಮ್ಮದೇ ಮೂಲ ಸಿಡಿ ಇರಬೇಕು. ನಾವು ಪ್ರತಿ ಮಾಡಿಕೊಡುವುದಿಲ್ಲ. ಆದರೆ ಒಂದು ಮಾತು. ಐಪಿಎಕ್ಸ್ ಆಟಗಳು ಒಂದೇ ಕಟ್ಟಡದ ಜಾಲವನ್ನು ನಂಬಿಕೊಂಡು ಹುಟ್ಟಿದವು. ಇಂಟರ್ನೆಟ್‌ನಲ್ಲಿ ಪ್ಯಾಕೆಟ್ ತಡವಾದರೆ ಎದುರಾಳಿಯ ವಿಮಾನ ಇಲ್ಲಿದ್ದದ್ದು ಅಲ್ಲಿಗೆ ಜಿಗಿದಂತೆ ಕಾಣುತ್ತದೆ. ದೂರದಿಂದ ಕ್ಷಿಪಣಿ ಬಿಡುವವರು ಹೇಗೋ ಸುಧಾರಿಸಿಕೊಂಡಾರು. ಬಾಲ ಹಿಡಿದು ಗನ್ನಿನಿಂದಲೇ ಹೊಡೆಯುವ ಹಟದವರು ದಯವಿಟ್ಟು ಕೋಣೆಗೇ ಬನ್ನಿ.

ಆಟದ ಜಾಲವನ್ನು ಬಿಲ್ಲಿಂಗ್ ಕಂಪ್ಯೂಟರ್‌ನಿಂದ ಬೇರೆಯಾಗಿಯೇ ಇಡುತ್ತೇವೆ. ಇದು ಅತಿ ಎಚ್ಚರ ಎನ್ನುವವರಿಗೆ 1980ರ ದಶಕದ ಉದಾಹರಣೆಯಿದೆ: ಸಿಲಿಕಾನ್ ಗ್ರಾಫಿಕ್ಸ್ ಎಂಬ ಕಂಪ್ಯೂಟರ್ ಕಂಪನಿಯ ವಿಮಾನ ಕಾಳಗದ ಆಟ ‘ಡಾಗ್‌ಫೈಟ್’ ಪರದೆಯ ಪ್ರತಿ ಫ್ರೇಮಿಗೂ ಜಾಲಕ್ಕೆ ಪ್ಯಾಕೆಟ್ ಎಸೆಯುತ್ತಿತ್ತು. ಕೆಲವರು ಆಡಲು ಕೂತರೆ ಸಾಕು, ಉಳಿದವರ ಕೆಲಸ ಕುಂಟುತ್ತಿತ್ತು.

ಹಳೆಯ ಯಂತ್ರಗಳಲ್ಲಿ ಒಂದು ಜೋಡಿಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಅವೆರಡನ್ನು ನೇರವಾಗಿ ಬೆಸೆಯುವ ನಲ್-ಮೋಡೆಮ್ ಕೇಬಲ್ ಇದೆ, ಒಂದು ಕಳಿಸಿದ್ದು ಇನ್ನೊಂದಕ್ಕೆ ತಲುಪುವಂತೆ 2 ಮತ್ತು 3ನೇ ಪಿನ್ನುಗಳನ್ನು ಅದಲುಬದಲು ಮಾಡಿದ್ದು. ಅಲ್ಲಿ ಇಬ್ಬರಿಗಷ್ಟೇ ಜಾಗ; ಬೇಕಾದವರು ಶನಿವಾರ ಸಂಜೆಯೊಳಗೆ ತಿಳಿಸಿ.

ಇಂತಿ ನಿಮ್ಮ,
ಆಟದ ಕೋಣೆಯ ಬಳಗ, ಬೆಂಗಳೂರು