ಕೆರೆಯ ಹೆಬ್ಬಾತುಗಳಿಗೆ ಬ್ರೆಡ್ ಮಾರುವುದನ್ನು ನಿಲ್ಲಿಸಿ, ಸರಿಯಾದ ಮೇವಿನ ಫಲಕ ಹಾಕಿ: ನಿವಾಸಿಗಳ ಮನವಿ

ಇವರಿಗೆ,
ಮುಖ್ಯಾಧಿಕಾರಿಗಳು,
ಸ್ಥಳೀಯ ಆಡಳಿತ ಕಚೇರಿ.

ಇವರಿಂದ,
ಕೆರೆಯ ಸುತ್ತಲಿನ ನಿವಾಸಿಗಳು.

ವಿಷಯ: ಕೆರೆಯ ಹೆಬ್ಬಾತುಗಳಿಗೆ ಬ್ರೆಡ್, ಚಿಪ್ಸ್ ಹಾಕುವುದನ್ನು ತಡೆಯುವ ಬಗ್ಗೆ, ಯಾವ ಮೇವು ಹಾಕಬಹುದು ಎಂದು ತಿಳಿಸುವ ಫಲಕದ ಬಗ್ಗೆ ಮತ್ತು ಸತ್ತ ಹಕ್ಕಿಗಳನ್ನು ಕೂಡಲೇ ತೆಗೆಸುವ ಬಗ್ಗೆ.

ಉಲ್ಲೇಖ: ನಮ್ಮ ಹಿಂದಿನ ಎಲ್ಲ ಮನವಿಗಳು. ಪ್ರತಿಗಳನ್ನು ಮತ್ತೊಮ್ಮೆ ಲಗತ್ತಿಸಿದ್ದೇವೆ.

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಈ ಪತ್ರವನ್ನಾದರೂ ಪೂರ್ತಿ ಓದಿ. ಹಿಂದಿನವನ್ನು ಯಾರೂ ಓದಿಲ್ಲ ಎನ್ನುವುದು ನಿಮ್ಮ ಹಿಂಬರಹಗಳಿಂದಲೇ ಗೊತ್ತಾಗುತ್ತದೆ. ನಾವು ಹೆಬ್ಬಾತುಗಳ ಬಗ್ಗೆ ಬರೆದರೆ ಪಾರಿವಾಳಗಳ ಕಾಟದ ಬಗ್ಗೆ ಉತ್ತರ ಬಂದಿದೆ.

ಮೊದಲು ಉದ್ಯಾನ ವಿಭಾಗಕ್ಕೆ ಅರ್ಜಿ ಕೊಟ್ಟೆವು. ಹಕ್ಕಿಗಳು ಇರುವುದು ನೀರಿನಲ್ಲಿ, ಕೆರೆ ವಿಭಾಗಕ್ಕೆ ಹೋಗಿ ಅಂದರು. ಕೆರೆ ವಿಭಾಗದವರು ನಮ್ಮದು ನೀರು ಮತ್ತು ಏರಿ ಮಾತ್ರ ಅಂದರು. ಪಶು ವೈದ್ಯ ವಿಭಾಗಕ್ಕೆ ಹೋದರೆ, ಈ ಹಕ್ಕಿಗಳ ಮಾಲೀಕರು ಯಾರು ಎಂದು ನಮ್ಮನ್ನೇ ಕೇಳಿದರು. ಆರೋಗ್ಯ ವಿಭಾಗದಲ್ಲಿ, ಮನುಷ್ಯರಿಗೆ ಕಾಯಿಲೆ ಬಂದಮೇಲೆ ಬನ್ನಿ ಎಂಬ ಮಾತು ಕೇಳಬೇಕಾಯಿತು. ಸಹಾಯವಾಣಿಯಲ್ಲಿ ದಾಖಲಿಸಿದ ದೂರುಗಳಿಗೆಲ್ಲ ಪರಿಹರಿಸಲಾಗಿದೆ ಎಂದು ಸಂದೇಶ ಬಂತು. ಯಾರೂ ಬಂದಿರಲಿಲ್ಲ, ಏನೂ ಬದಲಾಗಿರಲಿಲ್ಲ. ಅದನ್ನೇ ಬರೆದು ಮತ್ತೆ ದೂರು ಕೊಟ್ಟರೆ, ಹಳೆಯ ದೂರು ಮುಗಿದಿದೆ ಎಂದು ಹೊಸದನ್ನೂ ಮುಚ್ಚಿದರು. ಕೊನೆಗೊಮ್ಮೆ ಸಿಬ್ಬಂದಿ ಬಂದರು, ಫೋಟೋ ತೆಗೆದರು, ಹೋದರು. ಆ ಫೋಟೋ ಯಾವ ಕಡತದಲ್ಲಿದೆ ಎಂದು ಇವತ್ತಿಗೂ ನಮಗೆ ಯಾರೂ ಹೇಳಿಲ್ಲ.

ಆಮೇಲೆ ಒಂದು ಫಲಕ ಬಂತು. ಹಕ್ಕಿಗಳಿಗೆ ಆಹಾರ ಹಾಕಬಾರದು, ಅಷ್ಟೇ. ಏಕೆ ಹಾಕಬಾರದು ಎಂದು ಒಂದು ಸಾಲೂ ಇಲ್ಲ. ಅದೇ ಫಲಕದ ಪಕ್ಕದಲ್ಲಿ, ನೀವೇ ಪರವಾನಗಿ ಕೊಟ್ಟ ಗಾಡಿಯಲ್ಲಿ, ಹಕ್ಕಿಗಳಿಗೆ ಎಂದು ಚೀಟಿ ಅಂಟಿಸಿದ ಬ್ರೆಡ್ ಪೊಟ್ಟಣಗಳ ಮಾರಾಟ ನಡೆಯುತ್ತಿದೆ. ಹಾಕಬಾರದು ಎಂದು ಬರೆಸುವವರೂ ನೀವೇ, ಹಾಕಲು ಮಾರಿಸುವವರೂ ನೀವೇ. ಜನ ಯಾವುದನ್ನು ನಂಬಬೇಕು? ಗಾಳಿಗೆ ಬಿದ್ದ ಆ ಫಲಕವನ್ನು ಎತ್ತಿ ನಿಲ್ಲಿಸಲೂ ಯಾರೂ ಬರಲಿಲ್ಲ.

ಬ್ರೆಡ್ಡಿನಿಂದ ಏನಾಗುತ್ತದೆ ಎಂದು ನಿಮ್ಮ ಅಧಿಕಾರಿಯೊಬ್ಬರು ಕೇಳಿದ್ದರು. ಹೇಳುತ್ತೇವೆ, ದಯವಿಟ್ಟು ಗಮನ ಕೊಡಿ. ಹೆಬ್ಬಾತು ಹುಲ್ಲು ಮೇಯುವ ಹಕ್ಕಿ. ಹುಲ್ಲಿನ ನಾರನ್ನು ಅದರ ಹೊಟ್ಟೆ ಪೂರ್ತಿ ಅರಗಿಸುವುದಿಲ್ಲ. ಅದಕ್ಕೇ ಅದು ದಿನದ ಬಹುಪಾಲು ಮೇಯುತ್ತಲೇ ಇರಬೇಕು. ಬ್ರೆಡ್ಡಿನಲ್ಲಿರುವುದು ಹೆಚ್ಚಾಗಿ ಪಿಷ್ಟ. ಹೊಟ್ಟೆ ತುಂಬುತ್ತದೆ, ಮೇಯುವುದು ನಿಲ್ಲುತ್ತದೆ, ಬೇಕಾದ ವಿಟಮಿನ್ನು, ಖನಿಜ ಸಿಗುವುದಿಲ್ಲ. ಬೆಳೆಯುವ ಮರಿಗಳಿಗೆ ಇದರ ಪೆಟ್ಟು ಜಾಸ್ತಿ. ರೆಕ್ಕೆಯ ಕೊನೆಯ ಗೆಣ್ಣು ಹೊರಕ್ಕೆ ತಿರುಚಿ, ಗರಿಗಳು ಮೈಯಿಂದ ಆಚೆಗೆ ಚಾಚಿಕೊಂಡು ನಿಲ್ಲುತ್ತವೆ. ಇದನ್ನು ಏಂಜೆಲ್ ವಿಂಗ್ ಎನ್ನುತ್ತಾರೆ. ಅತಿಯಾದ ಕ್ಯಾಲೊರಿ ಮತ್ತು ಪೋಷಕಾಂಶಗಳ ಕೊರತೆ ಇದಕ್ಕೆ ಕಾರಣ ಎಂದು ಪಶು ವೈದ್ಯರು ಹೇಳುತ್ತಾರೆ. ಮರಿಯಾಗಿದ್ದಾಗ ಬೇಗ ಗುರುತಿಸಿ ರೆಕ್ಕೆ ಮಡಿಸಿ ಕಟ್ಟಿದರೆ ಸರಿಹೋಗಬಹುದು. ಬೆಳೆದ ಮೇಲೆ ಸರಿಹೋಗದು, ಆ ಹಕ್ಕಿ ಜೀವನಪೂರ್ತಿ ಹಾರುವುದಿಲ್ಲ. ನಮ್ಮ ಕೆರೆಯಲ್ಲಿ ಹೀಗೆ ರೆಕ್ಕೆ ಜೋತುಬಿದ್ದ ಹಕ್ಕಿಗಳಿವೆ. ಫೋಟೋ ಲಗತ್ತಿಸಿದ್ದೇವೆ. ನಾಯಿ ಬಂದರೆ ಅವು ಓಡಿ ಪಾರಾಗಬೇಕು, ಬೇರೆ ದಾರಿಯಿಲ್ಲ.

ಇನ್ನು ತಿನ್ನದೆ ಉಳಿದ ಬ್ರೆಡ್. ಅದಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಕಣಗಳು ಉಸಿರಿನ ಜೊತೆ ಒಳಗೆ ಹೋಗಿ ಹಕ್ಕಿಯ ಶ್ವಾಸಕೋಶ, ಗಾಳಿಚೀಲಗಳಲ್ಲಿ ಬೆಳೆಯುತ್ತವೆ. ಆಸ್ಪರ್ಜಿಲೋಸಿಸ್ ಎಂಬ ಈ ರೋಗ ಬಂದ ಹಕ್ಕಿಯನ್ನು ಉಳಿಸುವುದು ಬಹಳ ಕಷ್ಟ. ಬೂಷ್ಟು ಹಿಡಿದ ಕಾಳು, ಕಡಲೆಕಾಯಿಯೂ ಅಪಾಯವೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ. ಅಫ್ಲಾಟಾಕ್ಸಿನ್ ಎಂಬ ವಿಷ ಗೊತ್ತಾದದ್ದೇ ಆಗ. ಇಲ್ಲಿ ಜನ ಮನೆಯಲ್ಲಿ ಕೆಟ್ಟುಹೋದದ್ದನ್ನೇ ಚೀಲದಲ್ಲಿ ತಂದು ದಡದಲ್ಲಿ ಸುರಿಯುತ್ತಾರೆ. ಅವರಿಗೆ ಹಕ್ಕಿಗಳ ಮೇಲೆ ಪ್ರೀತಿ ಇದೆ, ತಿಳಿವಳಿಕೆ ಕೊಟ್ಟವರಿಲ್ಲ. ಮಕ್ಕಳು ಉಪ್ಪು ಹಾಕಿದ ಚಿಪ್ಸ್ ಎಸೆಯುತ್ತಾರೆ, ಚಾಕೊಲೇಟ್ ಎಸೆಯುತ್ತಾರೆ. ಚಾಕೊಲೇಟಿನ ಥಿಯೊಬ್ರೊಮಿನ್ ಹಕ್ಕಿಗಳಿಗೆ ವಿಷ. ಬೆಣ್ಣೆ ಹಣ್ಣಿನಲ್ಲಿರುವ ಪರ್ಸಿನ್ ಹೃದಯಕ್ಕೇ ಪೆಟ್ಟು ಕೊಡುತ್ತದೆ. ಈರುಳ್ಳಿ ತಿಂದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಬೇಯಿಸದ ಒಣ ಬೀನ್ಸ್ ಕಾಳು, ಹಸಿರು ತಿರುಗಿದ ಆಲೂಗಡ್ಡೆ ಇವೂ ಬೇಡ. ಇಷ್ಟನ್ನು ಒಂದು ಫಲಕದಲ್ಲಿ ಬರೆಸಲು ಎಷ್ಟು ಹೊತ್ತು ಬೇಕು?

ಹಾಕಬಹುದಾದದ್ದೂ ಬೇಕಾದಷ್ಟಿದೆ, ಅದನ್ನೂ ಬರೆಸಿ. ಸಣ್ಣಗೆ ಹೆಚ್ಚಿದ ಹಸಿರು ಸೊಪ್ಪು, ಲೆಟಿಸ್, ಎಲೆಕೋಸು. ಹಸಿ ಬಟಾಣಿ, ಜೋಳದ ಕಾಳು, ಗೋಧಿ, ಓಟ್ಸ್. ತುರಿದ ಕ್ಯಾರೆಟ್, ಎರಡಾಗಿ ಸೀಳಿದ ದ್ರಾಕ್ಷಿ. ಬೇಯಿಸದ ಅಕ್ಕಿ ತಿಂದರೆ ಹಕ್ಕಿಯ ಹೊಟ್ಟೆ ಒಡೆಯುತ್ತದೆ ಎನ್ನುವುದು ಸುಳ್ಳು, ಸ್ವಲ್ಪ ಹಾಕಿದರೆ ತೊಂದರೆಯಿಲ್ಲ. ಎಲ್ಲವೂ ಒಂದೊಂದು ಹಿಡಿ ಮಾತ್ರ, ಹಕ್ಕಿ ತಿಂದು ಮುಗಿಸುವಷ್ಟು. ಹೆಬ್ಬಾತಿಗೆ ಹಲ್ಲಿಲ್ಲ, ಅಗಿದು ತಿನ್ನುವುದಿಲ್ಲ. ಆದ್ದರಿಂದ ತುಂಡುಗಳು ಚಿಕ್ಕದಿರಬೇಕು, ಕುಡಿಯಲು ನೀರು ಹತ್ತಿರವಿರಬೇಕು. ಸುಮ್ನೆ ಹಾಕಬೇಡಿ ಎಂದರೆ ಜನ ಕೇಳುವುದಿಲ್ಲ. ಇದು ಬೇಡ, ಇದು ಹಾಕಿ ಎಂದರೆ ಕೇಳುತ್ತಾರೆ. ನಾವು ದಡದಲ್ಲಿ ನಿಂತು ಹೇಳಿದಾಗ ಬ್ರೆಡ್ ವಾಪಸ್ ಚೀಲಕ್ಕೆ ಹಾಕಿಕೊಂಡವರು ತುಂಬಾ ಜನ ಇದ್ದಾರೆ. ಆದರೆ ಈ ಕೆಲಸ ನಿಮ್ಮದು, ಅಲ್ವಾ?

ನಿಮ್ಮ ಸಿಬ್ಬಂದಿಗೂ ಇದು ಗೊತ್ತಿಲ್ಲ ಎನ್ನುವುದು ಇನ್ನೂ ದೊಡ್ಡ ದುಃಖ. ಮರಿಗಳಿಗೆಂದು ಅವರೇ ಕೋಳಿ ಮರಿಗಳ ಮೇವಿನ ಚೀಲ ತಂದು ಸುರಿದರು. ಹೆಬ್ಬಾತಿನ ಮರಿಗೆ ಕೋಳಿ ಮರಿಗಿಂತ ಹೆಚ್ಚು ನಯಾಸಿನ್ ಎಂಬ ವಿಟಮಿನ್ನು ಬೇಕು. ಅದು ಸಾಲದಿದ್ದರೆ ಕಾಲು ಸೊಟ್ಟಗಾಗುತ್ತದೆ, ಮರಿ ಕುಂಟುತ್ತದೆ. ಮೊಟ್ಟೆ ಇಡುವ ಕೋಳಿಯ ಮೇವೂ ಮರಿಗೆ ಆಗದು, ಅದರಲ್ಲಿರುವ ಅತಿಯಾದ ಕ್ಯಾಲ್ಸಿಯಂ ಮೂತ್ರಪಿಂಡ ಕೆಡಿಸುತ್ತದೆ. ಈ ಬಗ್ಗೆ ಬರೆದ ಪತ್ರಕ್ಕೆ ಉತ್ತರವೇ ಇಲ್ಲ.

ಕಳೆದ ಬೇಸಿಗೆಯಲ್ಲಿ ಆದದ್ದನ್ನು ನಾವು ಮರೆಯುವುದಿಲ್ಲ. ನೀರು ಇಳಿದು, ದಡದ ಕೆಸರಿನಲ್ಲಿ ಬ್ರೆಡ್ ಕೊಳೆತು ನಾರುತ್ತಿತ್ತು. ಹೆಬ್ಬಾತುಗಳು ಮೊದಲು ಕಾಲು ಎಳೆಯತೊಡಗಿದವು. ಆಮೇಲೆ ರೆಕ್ಕೆ ಜೋತುಬಿದ್ದವು. ಕೊನೆಗೆ ಕತ್ತು ಎತ್ತಲಾಗದೆ ನೀರಿನಲ್ಲೇ ಮುಳುಗಿ ಸತ್ತವು. ಬಾಟ್ಯುಲಿಸಂ ಎಂಬ ರೋಗ ಬಂದಾಗ ಹೀಗೇ ಆಗುತ್ತದೆ. ಆಮ್ಲಜನಕ ಇಲ್ಲದ ಕೊಳೆಯಲ್ಲಿ, ಸೆಕೆಯಲ್ಲಿ, ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ ವಿಷ ಹುಟ್ಟಿಸುತ್ತದೆ. ಸತ್ತ ಹಕ್ಕಿಯ ಮೇಲಿನ ಹುಳುಗಳಲ್ಲಿ ಆ ವಿಷ ಸೇರುತ್ತದೆ. ಆ ಹುಳು ತಿಂದ ಬಾತುಗಳು ಸಾಯುತ್ತವೆ. ಅವುಗಳ ಮೇಲೂ ಹುಳು. ಹೀಗೆ ಬೆಂಕಿಯಂತೆ ಹಬ್ಬುತ್ತದೆ. ಹೆಣಗಳನ್ನು ಅವತ್ತೇ ತೆಗೆದಿದ್ದರೆ ಅಷ್ಟು ಸಾವು ಆಗುತ್ತಿರಲಿಲ್ಲ. ದಿನವೂ ಫೋನ್ ಮಾಡಿದೆವು. ವಾಹನ ಇಲ್ಲ, ಕೈಗವಸು ಬಂದಿಲ್ಲ, ಅದು ಗುತ್ತಿಗೆದಾರರ ಕೆಲಸ, ಇವೇ ಉತ್ತರಗಳು. ನಮ್ಮ ಹುಡುಗರು ಪ್ಲಾಸ್ಟಿಕ್ ಚೀಲ ಕೈಗೆ ಕಟ್ಟಿಕೊಂಡು ಹೆಣ ಎತ್ತಿದರು. ಅದು ಹಕ್ಕಿ ಜ್ವರ ಆಗಿದ್ದರೆ? ಈಗ ಲೋಕಕ್ಕೆಲ್ಲ ಹಬ್ಬಿರುವ ಹಕ್ಕಿ ಜ್ವರದ ಎಚ್‌5ಎನ್‌1 ವೈರಸ್ಸಿನ ಪೂರ್ವಜ 1996ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಸಿಕ್ಕಿದ್ದು ಒಂದು ಹೆಬ್ಬಾತಿನಲ್ಲೇ. ಒಂದೇ ಒಂದು ಹಕ್ಕಿಯನ್ನೂ ಪರೀಕ್ಷೆಗೆ ಕಳಿಸಲಿಲ್ಲ. ಸಾವಿನ ಕಾರಣ ಸಹಜ ಎಂದು ನಿಮ್ಮ ಹಿಂಬರಹದಲ್ಲಿ ಬರೆದಿದೆ. ನೋಡದೆಯೇ ಸಹಜ ಎಂದು ಬರೆದವರು ಯಾರು? ಅವರ ಹೆಸರು ನಮಗೆ ಬೇಕು.

ಇಷ್ಟೇ ಅಲ್ಲ. ಕಸದ ಡಬ್ಬಿಗಳು ತುಂಬಿ ಚೆಲ್ಲುತ್ತಿವೆ. ಹುಲ್ಲುಹಾಸಿಗೆ ಕಳೆನಾಶಕ, ಕೀಟನಾಶಕ ಹೊಡೆಯುತ್ತಾರೆ, ಹೊಡೆದ ದಿನ ಒಂದು ಸೂಚನೆಯೂ ಇಲ್ಲ. ಹೆಬ್ಬಾತುಗಳು ಮೇಯುವುದು ಅದೇ ಹುಲ್ಲನ್ನು, ನಮ್ಮ ಮಕ್ಕಳು ಆಡುವುದೂ ಅದರ ಮೇಲೆ. ಮೀನು ಹಿಡಿಯುವವರು ಬಿಟ್ಟುಹೋದ ಸೀಸದ ಗುಂಡುಗಳು ದಡದಲ್ಲಿ ಬಿದ್ದಿವೆ. ಕಾಳು ಅರೆಯಲು ಹಕ್ಕಿಗಳು ಸಣ್ಣ ಕಲ್ಲು ನುಂಗುತ್ತವೆ, ಕಲ್ಲೆಂದು ಸೀಸ ನುಂಗಿದರೆ ಅದು ಹೊಟ್ಟೆಯಲ್ಲಿ ಸವೆದು ರಕ್ತಕ್ಕೆ ಸೇರುತ್ತದೆ. ಬ್ರೆಡ್ಡಿನ ಆಸೆಗೆ ಹಕ್ಕಿಗಳು ಒಂದೇ ಕಡೆ ಗುಂಪು ಸೇರಿ, ನಡೆಯುವ ದಾರಿಯೆಲ್ಲ ಹಿಕ್ಕೆ. ವಯಸ್ಸಾದವರು ಜಾರಿ ಬಿದ್ದಿದ್ದಾರೆ. ಆ ಹಿಕ್ಕೆಯ ರಂಜಕ, ಸಾರಜನಕ ನೀರಿಗೆ ಸೇರಿ ಪಾಚಿ ಕಟ್ಟಿದೆ. ದಡದ ಬೇಲಿ ಮುರಿದಿದೆ, ದೀಪಗಳು ಉರಿಯುತ್ತಿಲ್ಲ. ಇವಕ್ಕೂ ಬೇರೆ ಬೇರೆ ಅರ್ಜಿಗಳಿವೆ, ಅವೂ ನಿಮ್ಮ ಕಪಾಟಿನಲ್ಲೇ ಇವೆ.

ನಮ್ಮ ಬೇಡಿಕೆ ಸ್ಪಷ್ಟ. ಗಾಡಿಯ ಪರವಾನಗಿಯಲ್ಲಿ ಬ್ರೆಡ್, ಚಿಪ್ಸ್ ತೆಗೆದು, ಸೊಪ್ಪು ಮತ್ತು ಕಾಳಿನ ಚಿಕ್ಕ ಪೊಟ್ಟಣ ಮಾತ್ರ ಮಾರಲು ಬಿಡಿ. ಬೇಕಾದ್ದು, ಬೇಡದ್ದು ಎರಡೂ ಚಿತ್ರ ಸಮೇತ ಇರುವ ಫಲಕವನ್ನು ಮರಿಗಳು ಹೊರಬರುವ ಮೊದಲೇ ಎಲ್ಲ ಬಾಗಿಲುಗಳಲ್ಲಿ ಹಾಕಿ. ಕಾವು ಕೂತ ಮೇಲೆ 28ರಿಂದ 30 ದಿನಕ್ಕೆ ಮರಿ ಬರುತ್ತದೆ, ಈಗಾಗಲೇ ಗೂಡುಗಳಲ್ಲಿ ಕಾವು ನಡೆದಿದೆ. ಫಲಕದ ಬರಹವನ್ನು ನಾವೇ ಸಿದ್ಧ ಮಾಡಿ ಲಗತ್ತಿಸಿದ್ದೇವೆ, ಪಶು ವೈದ್ಯರಿಗೆ ತೋರಿಸಿ ಹಾಕಿದರೆ ಸಾಕು. ಸತ್ತ ಹಕ್ಕಿಯನ್ನು ಅದೇ ದಿನ ತೆಗೆಸಿ, ಒಂದಕ್ಕಿಂತ ಹೆಚ್ಚು ಸತ್ತರೆ ಪರೀಕ್ಷೆಗೆ ಕಳಿಸಿ. ಇದೆಲ್ಲಕ್ಕೂ ಹೊಣೆ ಹೊತ್ತ ಒಬ್ಬ ಅಧಿಕಾರಿಯ ಹೆಸರು ಮತ್ತು ಫೋನ್ ನಂಬರನ್ನು ಬರಹದಲ್ಲಿ ಕೊಡಿ. ಪರಿಶೀಲನೆಯಲ್ಲಿದೆ ಎಂಬ ಉತ್ತರವನ್ನು ನಾವು ಇನ್ನು ಒಪ್ಪುವುದಿಲ್ಲ. 15 ದಿನಗಳಲ್ಲಿ ಕೆಲಸ ಶುರುವಾಗದಿದ್ದರೆ ಎಲ್ಲ ಪತ್ರ, ಫೋಟೋಗಳ ಸಮೇತ ಮೇಲಧಿಕಾರಿಗಳ ಬಳಿ ಹೋಗುತ್ತೇವೆ.

ವಂದನೆಗಳೊಂದಿಗೆ,

ಇಂತಿ,
ಕೆರೆಯ ಸುತ್ತಲಿನ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)

ಲಗತ್ತು: ಹಿಂದಿನ ಮನವಿಗಳ ಮತ್ತು ಹಿಂಬರಹಗಳ ಪ್ರತಿ, ಫೋಟೋಗಳು, ಫಲಕದ ಕರಡು ಬರಹ.