ಅಟ್ಟದ ಮೇಲಿನ ತೊಟ್ಟಿಲು

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ತೊಟ್ಟಿಲು ಕೇಳಿದೆ. ಅಜ್ಜಿ "ಅದನ್ನ ಮುಟ್ಟೋದು ಬೇಡ, ಹೊಸದು ತರಿಸೋಣ" ಅಂತ ಫೋನ್ ನನ್ನ ಕೈಗೆ ಕೊಟ್ಟಳು. ನಾನೂ ಮಳೆ, ಅಡಿಕೆ ಅಂತ ಏನೇನೋ ಮಾತಾಡಿ ಇಟ್ಟುಬಿಟ್ಟೆ. ಫೋನಲ್ಲಿ ಹೇಳೋ ವಿಷಯ ಅಲ್ಲ ಅದು. ಆದರೆ ಬಾಣಂತನಕ್ಕೆ ಬರುವ ಮೊದಲು ನಿನಗೆ ಗೊತ್ತಿರಬೇಕು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ನಮ್ಮ ಹಳೇ ಮನೆ ನೀರಿನಡಿಗೆ ಹೋಯಿತು. ನಿನ್ನ ಅಜ್ಜ ಅಲ್ಲಿಂದ ಬಿಚ್ಚಿ ತಂದದ್ದು ಹೆಬ್ಬಾಗಿಲು, ನಾಲ್ಕು ಕಂಬ, ಈ ತೊಟ್ಟಿಲು. ಬನದಲ್ಲಿದ್ದ ನಮ್ಮ ದೇವತೆ ಚೌಡಿಯನ್ನು ಮಾತ್ರ ತರಲಾಗಲಿಲ್ಲ. ಶಾಸ್ತ್ರ ಮಾಡಿ ಕರೆದುಕೊಂಡು ಬರಬೇಕು ಅಂತ ದಿನ ನೋಡುತ್ತಿದ್ದರಂತೆ, ಅಷ್ಟರಲ್ಲಿ ಬನಕ್ಕೇ ನೀರು ಬಂತು. ಆಮೇಲೆ ಈ ಮನೆಯಲ್ಲಿ ಏನಾದರೂ ಚೌಡಿಯೇ. ಹಸು ಹಾಲು ಕೊಡದಿದ್ದರೆ ಚೌಡಿ, ಅಡಿಕೆಗೆ ಕೊಳೆ ಬಂದರೆ ಚೌಡಿ. ಪಾಪ, ನೀರಿನಡಿ ಕೂತು ಅವಳಿಗೆ ಎಷ್ಟು ಕೆಲಸ!

1979ರ ಮಳೆಗಾಲ. ನನಗೆ 11 ವರ್ಷ. ನಿನ್ನ ಅತ್ತೆ, ಅಂದರೆ ನನ್ನ ಅಕ್ಕ, ಚೊಚ್ಚಲ ಹೆರಿಗೆಗೆ ಬಂದಿದ್ದಳು. ಗಂಡು ಮಗು ಆಯಿತು. ಎಂಟನೇ ದಿನದಿಂದ ಅವಳಿಗೆ ನಿದ್ದೆಯೇ ಇಲ್ಲ. ಮೊದಲು ಸುಮ್ನೆ ಜಾಸ್ತಿ ಮಾತಾಡುತ್ತಿದ್ದಳು, ನಗುತ್ತಿದ್ದಳು. ನಮಗೆಲ್ಲ ಖುಷಿಯೇ. ಆಮೇಲೆ ತೊಟ್ಟಿಲು ತಾನೇ ತೂಗುತ್ತಿದೆ ಅಂದಳು. ಅದರಲ್ಲಿ ಮಲಗಿರೋದು ನನ್ನ ಮಗು ಅಲ್ಲ, ಯಾರೋ ಬದಲಾಯಿಸಿದ್ದಾರೆ ಅಂದಳು. ಒಂದು ರಾತ್ರಿ ಎದ್ದು ಕೂತು ದಪ್ಪ ದನಿಯಲ್ಲಿ "ನನ್ನ ನೀರಲ್ಲಿ ಬಿಟ್ಟು ಬಂದ್ರಲ್ಲ" ಅಂತ ಕೂಗಿದಳು.

ಆ ಮಾತು ಅಕ್ಕನ ಬಾಯಿಗೆ ಎಲ್ಲಿಂದ ಬಂತು ಅಂತ ಯಾರೂ ಯೋಚಿಸಲಿಲ್ಲ. ಐದು ವರ್ಷದವಳಾಗಿದ್ದಾಗಿನಿಂದ ಜಗಲಿಯಲ್ಲಿ ದೊಡ್ಡವರು ಅದನ್ನೇ ಆಡೋದನ್ನು ಕೇಳಿ ಬೆಳೆದವಳಲ್ವಾ ಅವಳು?

ಮೂರು ದಿನ ಮನೆಯವರೆಲ್ಲ ಅವಳ ಕಾಲಿಗೆ ಬಿದ್ದೆವು. ಹಣ್ಣುಕಾಯಿ, ಆರತಿ, ತಪ್ಪುಕಾಣಿಕೆ. ಕಡಿಮೆ ಆಗಲಿಲ್ಲ. ಆಗ ಒಬ್ಬ ಮಂತ್ರವಾದಿಯನ್ನು ಕರೆಸಿದರು. ಅವನು ನೋಟ ನೋಡಿ, ಇದು ಚೌಡಿ ಅಲ್ಲ, ತೊಟ್ಟಿಲಿನ ಮರದ ಜೊತೆ ಬಂದ ಪೀಡೆ ಅಂದ. ಅಷ್ಟೇ. ಅವತ್ತಿನಿಂದ ಆರತಿ ಹೋಗಿ ಬೆತ್ತ ಬಂತು. ಹೆಂಗಸು ಅವಳೇ, ದನಿ ಅದೇ.

ಒಣಮೆಣಸಿನ ಹೊಗೆ ಹಾಕಿದರು. ಲಕ್ಕಿ ಗಿಡದ ಬರಲಿನಲ್ಲಿ ಹೊಡೆದರು. ಅವಳು ಒದೆಯುತ್ತಿದ್ದಳು ಅಂತ ನಾಲ್ಕು ಜನ ಹಿಡಿದುಕೊಂಡರು. ಎಡಗಾಲು ಹಿಡಿದವನು ನಾನು. ಬಾಣಂತಿಗೆ ಹಚ್ಚಿದ ಅರಿಶಿನ ಇನ್ನೂ ಹಿಮ್ಮಡಿಯಲ್ಲಿತ್ತು. ಅದು ನನ್ನ ಅಂಗೈಗೆ ಹತ್ತಿ, ಊಟಕ್ಕೆ ಕೂತಾಗ ನೋಡಿಕೊಂಡೆ. ಅವಳ ಮೊಣಕೈ ಮೇಲಿನ ಕಲೆ ಏನು ಅಂತ ನೀನು ಚಿಕ್ಕವಳಿದ್ದಾಗ ಕೇಳಿದ್ದೆ. ರೊಟ್ಟಿ ಹೆಂಚು ತಾಗಿದ್ದು ಅಂದಿದ್ದೆವು. ಅಲ್ಲ. ಅದು ಕಬ್ಬಿಣ ಕಾಸಿ ಹಾಕಿದ ಬರೆ.

ಬರೆ ಹಾಕಿದ ಮಾರನೇ ದಿನ ಅಜ್ಜಿ ಹಟ ಹಿಡಿದಳು. ಆಸ್ಪತ್ರೆಗೆ ಕರೆದುಕೊಂಡು ಹೋಗದಿದ್ದರೆ ನಾನೇ ಹೊಳೆಗೆ ಹಾರುತ್ತೇನೆ ಅಂದಳು. ಈಗಿನ ಹಾಗೆ ಹತ್ತು ನಿಮಿಷದಲ್ಲಿ ಕಾರಿನಲ್ಲಿ ಹಿನ್ನೀರು ದಾಟುವ ಕಾಲ ಅಲ್ಲ ಅದು. ಸಿಗಂದೂರು ಸೇತುವೆ ಆದದ್ದೇ 2025ರಲ್ಲಿ. ಆಗ ಕತ್ತಲಾದರೆ ಈ ದಡದಲ್ಲೇ ಉಳಿಯಬೇಕು. ಬೆಳಗಿನವರೆಗೆ ಕಾದು, ಅಕ್ಕನನ್ನು ಕಂಬಳಿಯಲ್ಲಿ ಸುತ್ತಿ ದಾಟಿಸಿದರು. ಡಾಕ್ಟರು ನೋಡಿ "ಬಾಣಂತಿ ಸನ್ನಿ" ಅಂದರಂತೆ. ಆ ಹೆಸರು ಊರಿನ ಮುದುಕಿಯರಿಗೆಲ್ಲ ಗೊತ್ತಿದ್ದದ್ದೇ! ಬಾಯಲ್ಲಿ ಹೆಸರಿತ್ತು, ಕೈಯಲ್ಲಿ ಬರಲಿತ್ತು. ಆರು ವಾರಕ್ಕೆ ಅಕ್ಕ ಮೊದಲಿನ ಹಾಗಾದಳು. ಆ ಮಗುವೇ ನಿನ್ನ ಸಾಗರದ ಭಾವ.

ಅಜ್ಜಿ ಮಗಳನ್ನು ಆಸ್ಪತ್ರೆಗೂ ಕಳಿಸಿದಳು, ತೊಟ್ಟಿಲನ್ನು ಅಟ್ಟಕ್ಕೂ ಹಾಕಿಸಿದಳು. ಯಾವುದರಿಂದ ಗುಣವಾಯಿತು ಅಂದರೆ ಇವತ್ತಿಗೂ "ಎರಡರಿಂದಲೂ" ಅಂತಾಳೆ.

ಈಗ ಮುಖ್ಯ ವಿಷಯ. ಮುಂದಿನ ಸಲ ತೋರಿಸಲು ಹೋದಾಗ "ನಮ್ಮ ಸೋದರತ್ತೆಗೆ ಬಾಣಂತಿ ಸನ್ನಿ ಆಗಿತ್ತು" ಅಂತ ನಿನ್ನ ಡಾಕ್ಟರಿಗೆ ಬಾಯಿಬಿಟ್ಟು ಹೇಳು. ನಾಚಿಕೆ ಬೇಡ. ಇದು ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಆಗುವಂಥದ್ದು, ಹೆಚ್ಚಾಗಿ ಮೊದಲ ಎರಡು ವಾರದೊಳಗೆ. ಮನೆತನದಲ್ಲಿ ಇದ್ದರೆ ಸ್ವಲ್ಪ ಹೆಚ್ಚು ಎಚ್ಚರ ಬೇಕು, ಅಷ್ಟೇ. ನಿದ್ದೆ ಪೂರ್ತಿ ಹೋದರೆ, ಮಗುವಿನ ಬಗ್ಗೆ ವಿಚಿತ್ರ ಯೋಚನೆ ಬಂದರೆ, ಒಂದು ದಿನವೂ ಕಾಯೋದಿಲ್ಲ. ಅಳಿಯಂದಿರಿಗೂ ಇದನ್ನು ಓದಿಸು. ನಿಮ್ಹಾನ್ಸ್‌ನಲ್ಲಿ ಈಗ ತಾಯಿ ಮಗು ಇಬ್ಬರನ್ನೂ ಜೊತೆಯಲ್ಲೇ ಇಟ್ಟು ನೋಡಿಕೊಳ್ಳುವ ವಾರ್ಡೇ ಇದೆ. ದೆವ್ವ ಬಿಡಿಸುತ್ತೇನೆ ಅಂತ ಹೊಡೆಯೋದು ನಮ್ಮ ರಾಜ್ಯದಲ್ಲಿ ಅಪರಾಧ. 2017ರ ಕಾಯ್ದೆ, 2020ರಲ್ಲಿ ಜಾರಿಗೆ ಬಂತು. ಅಕ್ಕನ ಪಾಲಿಗೆ ನಲವತ್ತು ವರ್ಷ ತಡ.

ನಾನೇನು ದೊಡ್ಡ ವಿಚಾರವಾದಿ ಅಂದುಕೊಳ್ಳಬೇಡ. ತೋಟದ ದಣಪೆಯ ಹತ್ತಿರ "ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ" ಅನ್ನೋ ಬೋರ್ಡು ಹಾಗೇ ಇದೆ. ಬೇಲಿಗಿಂತ ಅದಕ್ಕೇ ಕಳ್ಳರು ಹೆದರೋದು. ವರ್ಷಕ್ಕೊಮ್ಮೆ ನೀರಿನ ಅಂಚಿಗೆ ಹೋಗಿ ಕಾಯಿ ಒಡೆದು ಬರುತ್ತೇನೆ. ಬಿಟ್ಟು ಬಂದ ಬೇಸರ ನನಗೂ ಇದೆ.

ಇನ್ನೊಂದು. ತೊಟ್ಟಿಲು ತಾನೇ ತೂಗಿದ್ದು ಸುಳ್ಳಲ್ಲ, ಆ ವಾರ ನಾನೂ ನೋಡಿದ್ದೆ. ಅಟ್ಟದ ಮೇಲೆ ಪುನುಗಿನ ಬೆಕ್ಕು ಓಡಾಡಿದರೆ ಆ ತೊಲೆ ಅದುರುತ್ತದೆ. ಈಗ ಅದಕ್ಕೇ ನೇತು ಹಾಕಿದ ಲೈಟು ರಾತ್ರಿ ಅಲ್ಲಾಡೋದನ್ನು ನೀನೇ ಎಷ್ಟು ಸಲ ನೋಡಿಲ್ಲ?

ನಿನ್ನೆ ತೊಟ್ಟಿಲು ಇಳಿಸಿದೆ. ಒಂದು ಕಾಲಿಗೆ ಒರಲೆ ಹಿಡಿದಿದೆ, ಉಳಿದದ್ದೆಲ್ಲ ಗಟ್ಟಿ. ಆಚಾರಿಗೆ ಹೇಳಿದ್ದೇನೆ. ನೀನು ಬಂದ ಮೇಲೆ ಹೊಸಿಲಲ್ಲಿ ನಿಂಬೆಹಣ್ಣು ನಿವಾಳಿಸಿಯೇ ಮಗುವನ್ನು ಮಲಗಿಸಬೇಕು ಅಂತ ಅಜ್ಜಿಯ ಷರತ್ತು. ನಾನು ಹೂಂ ಅಂದಿದ್ದೇನೆ, ನೀನೂ ಅನ್ನು.

ಇದನ್ನು ಬರೆಯುವ ಮೊದಲು ಅಕ್ಕನಿಗೆ ಫೋನ್ ಮಾಡಿ ಕೇಳಿದೆ, ಪುಟ್ಟಿಗೆ ಎಲ್ಲ ಹೇಳಲಾ ಅಂತ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ಹೇಳು" ಅಂದಳು. ಮತ್ತೆ ಕೇಳಿದಳು, "ಅದರ ತಲೆಕಡೆ ಒಂದು ಗಿಳಿ ಇತ್ತಲ್ಲ, ಕೊಕ್ಕು ಮುರಿದದ್ದು. ಇದೆಯಾ?"

ಇದೆ ಅಂದೆ.

ನಿನ್ನ
ಅಪ್ಪ